ಕರ್ಣ ಯಾಕೆ ಹಿಂದೆ ಸರಿದ?

ಪ್ರೀತಿಯ ತಂಗೀ,

ನಿನ್ನ ಲೇಖನ ಓದಿದೆ. ಪುರಾಣಗಳಲ್ಲಿ ಒಂದಕ್ಕೊಂದು ಹೊಂದದ ಜಾಗಗಳನ್ನೆಲ್ಲ ಹುಡುಕಿ, ಒಂದೊಂದಕ್ಕೂ ಒಂದು ಸಮಾಧಾನ ಕೊಟ್ಟಿದ್ದೀಯ. ಹುಡುಕಾಟ ಚೆನ್ನಾಗಿದೆ. ಸಮಾಧಾನಗಳು ಬೇಡವಾಗಿತ್ತು.

ಗಣಪತಿಯ ವಿಷಯ ಬೇಗ ಮುಗಿಸಿಬಿಡೋಣ. ಶಿವಪುರಾಣದಲ್ಲಿ ಪಾರ್ವತಿ ಮೈಯ ಮಣ್ಣಿನಿಂದ ಮಗನನ್ನು ಮಾಡುತ್ತಾಳೆ, ಆಮೇಲೆ ಅವನ ತಲೆ ಹೋಗುತ್ತದೆ. ಬ್ರಹ್ಮವೈವರ್ತದಲ್ಲಿ ತಲೆ ಹೋಗುವುದು ಶನಿಯ ದೃಷ್ಟಿಯಿಂದ. ವರಾಹಪುರಾಣದಲ್ಲಿ ಅವನು ಶಿವನ ನಗುವಿನಿಂದಲೇ ಹುಟ್ಟುತ್ತಾನೆ. ನೀನು 'ಕಲ್ಪಭೇದ' ಅಂತ ಬರೆದು ಮುಂದೆ ಹೋಗಿದ್ದೀಯ. ಒಂದೊಂದು ಕಲ್ಪದಲ್ಲಿ, ಅಂದರೆ ಒಂದೊಂದು ಸೃಷ್ಟಿಯ ಕಾಲದಲ್ಲಿ, ಒಂದೊಂದು ರೀತಿ ನಡೆಯಿತು ಅನ್ನುವುದು ಹಳೆಯ ಉತ್ತರ. ಕೈ ಮುಗಿಯುವವರಿಗೆ ಅದು ಸಾಕು, ನಾನೂ ಚೌತಿಯ ದಿನ ಅಷ್ಟಕ್ಕೇ ತೃಪ್ತಳು. ಬರೆಯಲು ಕೂತಾಗ ಮಾತ್ರ ಸಾಲದು. ಆಗ ಕೇಳಬೇಕಾದದ್ದು, ಈ ಕಥೆಯನ್ನು ಯಾರು ಯಾರಿಗೆ ಹೇಳಿದರು ಅಂತ.

ದೂರ ಹೋಗಬೇಡ. ನಮ್ಮ ಬಸವನಗುಡಿಯ ಕಥೆಯನ್ನೇ ತಗೋ. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ರೈತರು ಗುಡಿ ಕಟ್ಟಿಸಿದರು, ಅದಕ್ಕೇ ಕಾರ್ತಿಕದಲ್ಲಿ ಪರಿಷೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನ ಹಡಗುಗಳು ಬರುವ ಮೊದಲು ಅದು ನಮ್ಮ ದೇಶದಲ್ಲೇ ಇರಲಿಲ್ಲ. ಹಾಗಾದರೆ ಈ ಕಥೆಯ ವಯಸ್ಸಿಗೆ ಒಂದು ಮಿತಿ ಸಿಕ್ಕಿತು, ಹೇಳಿದವರ ಕಸುಬಿನ ಸುಳಿವೂ ಸಿಕ್ಕಿತು. ಕಥೆ ಸುಳ್ಳು ಅಂತ ನಗುವವರಿಗೆ ಇದೆಲ್ಲ ಕಾಣುವುದಿಲ್ಲ.

ಈಗ ನಿನ್ನ ಕರ್ಣನಿಗೆ ಬರೋಣ. ಸ್ವಯಂವರದಲ್ಲಿ ದ್ರೌಪದಿ 'ಸೂತನನ್ನು ವರಿಸುವುದಿಲ್ಲ' ಅಂದಳು ಅಂತ ಕೆಲವು ಪ್ರತಿಗಳು. ಉಳಿದವರ ಹಾಗೆ ಅವನೂ ಬಿಲ್ಲಿಗೆ ಸೋತ ಅಂತ ಇನ್ನು ಕೆಲವು. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಶುರುಮಾಡಿ, ನೂರಾರು ಹಸ್ತಪ್ರತಿ ಹೋಲಿಸಿ, 1966ರಲ್ಲಿ ಮಹಾಭಾರತದ ಪರಿಷ್ಕರಣೆ ಮುಗಿಸಿದರು. ಅವರು ದ್ರೌಪದಿಯ ಆ ಮಾತನ್ನು ಮೂಲದಿಂದ ತೆಗೆದು ಅಡಿಟಿಪ್ಪಣಿಗೆ ಇಳಿಸಿದ್ದಾರೆ. ನೀನು ಇದನ್ನು ಓದಿ 'ಪ್ರಕ್ಷಿಪ್ತ, ಅಂದರೆ ಆಮೇಲೆ ಯಾರೋ ಸೇರಿಸಿದ್ದು, ಆದ್ದರಿಂದ ಬಿಡಬಹುದು' ಅಂತ ಬರೆದಿದ್ದೀಯ. ಅಷ್ಟು ಸುಲಭಕ್ಕೆ ಬಿಡಬೇಡ. ಜೂಜಿನ ಸಭೆಯಲ್ಲಿ ಕರ್ಣ ಅವಳ ಬಗ್ಗೆ ಎಂಥ ಹೊಲಸು ಮಾತಾಡುತ್ತಾನೆ, ನೆನಪಿದೆಯಲ್ಲ? ಅದನ್ನು ಕೇಳುತ್ತಾ ಕೂತವರಲ್ಲಿ ಯಾರಾದರೂ 'ಇವನಿಗೆ ಅವಳ ಮೇಲೆ ಯಾಕಿಷ್ಟು ಸಿಟ್ಟು?' ಅಂತ ಕೇಳಿಯೇ ಇರುತ್ತಾರೆ. ಕಥೆ ಹೇಳುವವನು ಹಿಂದಿನ ಪರ್ವಕ್ಕೆ ಹೋಗಿ ಒಂದು ಕಾರಣ ಇಟ್ಟು ಬಂದಿರಬೇಕು. ಇದು ನನ್ನ ಊಹೆ ಅಷ್ಟೇ. ಆದರೆ ಸೇರಿಸಿದ ಸಾಲು ಅಂದರೆ ಯಾರೋ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಅಂತಲೇ ನಾನು ಓದುವುದು. ನಿನಗೆ ಬೇಕಾದದ್ದು ಆ ಪ್ರಶ್ನೆ.

ಪ್ರಕ್ಷಿಪ್ತದ ಮಾತು ಇಂದಿನ ಪ್ರೊಫೆಸರುಗಳು ಕಂಡುಹಿಡಿದದ್ದು ಅನ್ನುವ ಧಾಟಿ ನಿನ್ನ ಲೇಖನದಲ್ಲಿದೆ. ಅದನ್ನು ತಿದ್ದು. 13ನೇ ಶತಮಾನದಲ್ಲೇ ಮಧ್ವಾಚಾರ್ಯರು 'ಮಹಾಭಾರತ ತಾತ್ಪರ್ಯ ನಿರ್ಣಯ'ದಲ್ಲಿ ಇದನ್ನು ಬಿಚ್ಚಿ ಹೇಳಿದ್ದಾರೆ: ಜನ ಕೆಲವು ಕಡೆ ಸೇರಿಸುತ್ತಾರೆ, ಕೆಲವು ಕಡೆ ತೆಗೆಯುತ್ತಾರೆ, ಕೆಲವು ಕಡೆ ಹಿಂದುಮುಂದು ಮಾಡುತ್ತಾರೆ. ಮಹಾಭಾರತವೂ ಏನನ್ನೂ ಮುಚ್ಚಿಡುವುದಿಲ್ಲ. ಕೆಲವರು ಮನುವಿನಿಂದ, ಕೆಲವರು ಆಸ್ತೀಕನಿಂದ, ಕೆಲವರು ಉಪರಿಚರನಿಂದ ಈ ಕಥೆ ಶುರುಮಾಡುತ್ತಾರೆ ಅಂತ ಆದಿಪರ್ವವೇ ಹೇಳುತ್ತದೆ. ಭಕ್ತಿ ಇದ್ದವರು ಇದನ್ನೆಲ್ಲ ಗಮನಿಸಲಿಲ್ಲ ಅನ್ನುವುದು ಸುಮ್ನೆ ನಮ್ಮ ಕಾಲದ ಜಂಬ.

ಹೊಂದದ್ದನ್ನು ಹೊಂದಿಸಲು ಹೋದರೆ ಏನಾಗುತ್ತದೆ ಅಂತ ನೋಡಬೇಕಾದರೆ ಪಂಪನನ್ನು ಓದು. ಐದು ಜನ ಗಂಡಂದಿರು ಅನ್ನುವುದು ಅವನಿಗೆ ಹಿಡಿಸಲಿಲ್ಲ. ಅವನ ದೊರೆ ಅರಿಕೇಸರಿಯೇ ಕಾವ್ಯದ ಅರ್ಜುನ. ಹಾಗಾಗಿ 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಒಂದು ತೊಡಕು ಹೋಯಿತು. ಆದರೆ ದುಶ್ಶಾಸನನ ರಕ್ತದಲ್ಲಿ ಅವಳ ಮುಡಿ ಕಟ್ಟುವವನು ಅಲ್ಲೂ ಭೀಮನೇ! ಗಂಡ ಪಕ್ಕದಲ್ಲಿರುವಾಗ ಭಾವನಿಗೆ ಇಷ್ಟೊಂದು ಆವೇಶ ಯಾಕೆ? ಗಿಡ್ಡ ಕಂಬಳಿ ಇದ್ದ ಹಾಗೆ: ತಲೆಗೆ ಎಳೆದರೆ ಕಾಲು ಹೊರಗೆ. ಸುಮಾರು 40 ವರ್ಷದ ನಂತರ ರನ್ನ ಬಂದ. ಅವನ ದೊರೆ ಸತ್ಯಾಶ್ರಯ, ಅವನ ನಾಯಕ ಭೀಮ. 'ಗದಾಯುದ್ಧ'ದ ಕೊನೆಗೆ ಪಟ್ಟ ಆಗುವುದೂ ಭೀಮನಿಗೆ. ಇಬ್ಬರೂ ಮಹಾಕವಿಗಳು. ಅವರು ದಡ್ಡತನದಿಂದ ಕಥೆ ಬದಲಾಯಿಸಲಿಲ್ಲ. ಪಂಪ ಒಂದು ಗಂಟು ಬಿಚ್ಚಿ ಇನ್ನೊಂದನ್ನು ಹಾಕಿದ, ಆ ಎರಡನೇ ಗಂಟೇ ನನಗೆ ಅವನಲ್ಲಿ ಜಾಸ್ತಿ ಇಷ್ಟ.

ಒಂದಕ್ಕೊಂದು ಹೊಂದದ ಇನ್ನೊಂದು ಬಗೆಯ ಜಾಗ ಇದೆ. ಅದು ಪ್ರತಿಗಳಿಂದ ಬಂದದ್ದಲ್ಲ, ಕಥೆಯೇ ಬೇಕೆಂದು ಇಟ್ಟುಕೊಂಡದ್ದು. ತನ್ನನ್ನೇ ಸೋತವನು ನನ್ನನ್ನು ಪಣಕ್ಕೆ ಇಡುವುದು ಹೇಗೆ ಅಂತ ದ್ರೌಪದಿ ಕೇಳುತ್ತಾಳೆ. ಸೋತವನಿಗೆ ಒಡೆತನ ಇಲ್ಲ, ಆದರೆ ಹೆಂಡತಿ ಗಂಡನ ಅಧೀನ, ಧರ್ಮ ಸೂಕ್ಷ್ಮ ಅಂತ ಹೇಳಿ ಭೀಷ್ಮ ನಿಂತುಬಿಡುತ್ತಾನೆ. ದುರ್ಯೋಧನನ ತಮ್ಮ ವಿಕರ್ಣ ಮತ್ತು ವಿದುರ ಅವಳ ಪರ ಮಾತಾಡುತ್ತಾರೆ. ಯಾರೂ ತೀರ್ಪು ಕೊಡುವುದಿಲ್ಲ. ನಿನ್ನ ಲೇಖನದಲ್ಲಿ ಒಂದೇ ಪ್ಯಾರಾದಲ್ಲಿ ನೀನು ತೀರ್ಪು ಕೊಟ್ಟಿದ್ದೀಯ, ಭೀಷ್ಮನ ಪರ ವಕಾಲತ್ತೂ ಮಾಡಿದ್ದೀಯ. ಅಷ್ಟನ್ನೂ ಹೊಡೆದುಹಾಕು. ಅವಳ ಪ್ರಶ್ನೆ ಬರೆ, ಅವನ ತಡವರಿಕೆ ಬರೆ, ಸಾಕು.

ಪುಟ ಎಷ್ಟು ಬೇಕಾದರೂ ಆಗಲಿ, ಕಥೆ ಒಂದೇ ಇರಲಿ. ಕರ್ಣನದ್ದನ್ನೇ ಇಟ್ಟುಕೋ, ಗಣಪತಿಯನ್ನು ಬೇರೆ ಲೇಖನಕ್ಕೆ ಬಿಡು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೋ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೋ ಹೋಗಿ ಕೂತು ಆದಿಪರ್ವ, ಸಭಾಪರ್ವ ಎರಡನ್ನೂ ಅಕ್ಕಪಕ್ಕ ಇಟ್ಟು ಓದು. ಮೊಬೈಲಿನಲ್ಲಿ ಯಾರೋ ಕಳಿಸಿದ ಸಾರಾಂಶ ನಂಬಬೇಡ. ತಿದ್ದಿದ ಮೇಲೆ ಪ್ರಿಂಟ್ ತೆಗೆದುಕೊಂಡು ಬಾ, ಪರದೆ ಮೇಲೆ ಓದಲು ನನ್ನ ಕಣ್ಣು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.

ನಿನ್ನ ಅಕ್ಕ