ಕೊಡಗಿನ ಅಟ್ಟದ ಮೇಲಿರುವ ಕಾಗದಗಳಿಗೆ ಒಂದು ಕೊಠಡಿ ಕೊಡಿ

ಮಾನ್ಯ ಸಂಪಾದಕರೇ,

ಮೂರು ವರ್ಷದ ಹಿಂದೆ ನಮ್ಮೂರ ಹತ್ತಿರದ ಒಂದು ಕಾಫಿ ತೋಟ ಕೈ ಬದಲಾಯಿತು. ಹೊಸಬರು ಹಳೇ ಬಂಗಲೆ ಖಾಲಿ ಮಾಡಿಸುತ್ತಿದ್ದರು. ನಾನು ಹೋದಾಗ ಬಚ್ಚಲ ಒಲೆಯ ಪಕ್ಕ ರಟ್ಟು ಕಿತ್ತ ದಪ್ಪ ಪುಸ್ತಕಗಳು ರಾಶಿ ಬಿದ್ದಿದ್ದವು. ನೀರು ಕಾಯಿಸಲು ಅದರ ಹಾಳೆ ಹರಿದು ಹಾಕುತ್ತಿದ್ದರು. ನೋಡಿದರೆ ತೋಟದ ಚೆಕ್‌ರೋಲ್ ಪುಸ್ತಕಗಳು! ಕೇಳಿ ಒಂದನ್ನು ಮನೆಗೆ ತಂದೆ.

ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ. ತೋಟದ ರೈಟರ್ ದಿನಾ ಬರೆಯುವಂಥದ್ದು. ಇವತ್ತು ಯಾರು ಬಂದರು, ಕಾಫಿ ಕುಯ್ಲೋ ಮರಗಸಿಯೋ (ನೆರಳಿನ ಮರದ ಕೊಂಬೆ ಸವರುವುದು), ಕೂಲಿ ಎಷ್ಟು, ಅಡ್ವಾನ್ಸ್ ಎಷ್ಟು ಹಿಡಿದರು ಎಲ್ಲ ಇರುತ್ತದೆ. ನಾನು ತಂದ ಪುಸ್ತಕದಲ್ಲಿ ಎರವ, ಕುರುಬ ಬುಡಕಟ್ಟಿನವರ ಹೆಸರುಗಳಿವೆ, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವರ ಹೆಸರುಗಳಿವೆ. ಜಮೀನು ಇದ್ದವರ ಹೆಸರು ಜಮ್ಮಾ (ವಂಶಪಾರಂಪರ್ಯದ ಜಮೀನು) ದಾಖಲೆಯಲ್ಲಿ ಸಿಗುತ್ತದೆ. ಕೊಡಗನ್ನು ಆಳಿದ ಹಾಲೇರಿ ಅರಸರ ಕಥೆ ‘ರಾಜೇಂದ್ರನಾಮೆ’ಯಲ್ಲಿದೆ. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಹುಟ್ಟಿ, ಲೈನ್ ಮನೆಯಲ್ಲೇ ತೀರಿಕೊಂಡವರನ್ನು ಎಲ್ಲಿ ಹುಡುಕುವುದು? ಆ ಹಾಜರಿ ಪುಸ್ತಕದಲ್ಲೇ ಹುಡುಕಬೇಕು. ಉಳಿದ ಪುಸ್ತಕಗಳನ್ನೂ ಹೊತ್ತು ತರಲಿಲ್ಲವಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಕೊಡಗಿನ ಬಗ್ಗೆ ದಾಖಲೆಗಳೇ ಇಲ್ಲ ಅಂತಲ್ಲ. ಅವು ಚೆಲ್ಲಾಪಿಲ್ಲಿಯಾಗಿವೆ. 1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ನಾಡನ್ನು ತೆಗೆದುಕೊಂಡರು. ಆಮೇಲಿನ ಎಷ್ಟೋ ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿ ಕ್ರೈಸ್ತ ಧರ್ಮ ಪ್ರಚಾರಕ್ಕೆ ಬಂದ ಬಾಸೆಲ್ ಮಿಷನ್ನಿನವರ ವರದಿ, ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಅವರು ಫೋಟೋಗಳನ್ನು ಅಂತರ್ಜಾಲದಲ್ಲೂ ಹಾಕಿದ್ದಾರೆ, ಯಾರು ಬೇಕಾದರೂ ನೋಡಬಹುದು. ಆದರೆ ಆ ಫೋಟೋಗಳ ಕೆಳಗಿನ ಮಾತು ಮಿಷನ್ನಿನವರದ್ದು. ಅದರಲ್ಲಿ ನಿಂತವರು ಯಾರು, ಯಾವ ಊರು, ಯಾವ ಮನೆ ಅಂತ ಹೇಳಬಲ್ಲವರು ಇಲ್ಲಿದ್ದಾರೆ. ಅವರಿಗೆ ವಯಸ್ಸಾಗುತ್ತಿದೆ.

ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯನ್ನೇ ನೋಡಿ. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದರ ಚರಿತ್ರೆ ಬರೆಯಲು ಕೂತವರು ಹೆಚ್ಚಾಗಿ ನೆಚ್ಚಬೇಕಾಗಿ ಬಂದದ್ದು ಗಲ್ಲಿಗೇರಿಸಿದವರು ಬರೆದಿಟ್ಟ ಕಾಗದವನ್ನೇ. ದಂಗೆ ಎದ್ದವರ ಮನೆಯ ಮಾತು ನಮಗೆ ಬಾಯಿಂದ ಬಾಯಿಗೆ ಬಂದಷ್ಟೇ.

ಬಾಯಿಮಾತನ್ನು ಉಳಿಸಿದ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದರು. ಕೊಡವ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದರು. ನೂರು ವರ್ಷ ಆದಮೇಲೂ ಹುತ್ತರಿ ಹಾಡಿನ ಬಗ್ಗೆ ಅನುಮಾನ ಬಂದರೆ ಜನ ಅದನ್ನೇ ತೆರೆಯುತ್ತಾರೆ. ಅಂಥ ಕೆಲಸ ಎರವ ಹಾಡುಗಳಿಗೆ, ಇಲ್ಲಿನ ಗೌಡರ ಮಾತಾದ ಅರೆಭಾಷೆಯ ಸೋಬಾನೆಗೆ ಅಷ್ಟೇ ಅಕ್ಕರೆಯಿಂದ ಆಗಬೇಕಲ್ವಾ? ಈಗ ಪ್ರತಿಯೊಬ್ಬರ ಜೇಬಿನಲ್ಲೂ ಧ್ವನಿ ಹಿಡಿಯುವ ಫೋನಿದೆ. ಹಿಡಿದದ್ದನ್ನು ಎಲ್ಲಿ ಇಡುವುದು ಅನ್ನುವುದೇ ಪ್ರಶ್ನೆ.

2018ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜಾರಿ ಬಂತು. ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಅವತ್ತು ಜೀವ ಉಳಿದರೆ ಸಾಕಿತ್ತು, ಟ್ರಂಕಿನ ನೆನಪು ಯಾರಿಗೆ ಬರಬೇಕು? ಮನೆಯ ಜೊತೆಗೆ ಮದುವೆ ಫೋಟೋ, ಅಜ್ಜನ ಪಟಾಳಂ ಕಾಗದ, ಹಳೇ ಪತ್ರಗಳು ಮಣ್ಣಿನಡಿ ಹೋದವು. ಅವಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಗುಡ್ಡ ಜಾರದ ಮನೆಗಳಲ್ಲೂ ಕಾಗದ ಸುಮ್ನೆ ಉಳಿಯುವುದಿಲ್ಲ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ. ಕಾಪಾಡೋಣ ಅಂತ ಕೆಲವರು ಲ್ಯಾಮಿನೇಷನ್ ಮಾಡಿಸುತ್ತಾರೆ. ದಯವಿಟ್ಟು ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಟೇಪ್ ಕೂಡ ಬೇಡ, ಅದರ ಗೋಂದು ಅಕ್ಷರವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ ಇಡಿ. ನೆನೆದ ಕಾಗದವನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಫ್ಯಾನ್ ಗಾಳಿಗೆ ಆರಿಸಿ. ಫೋಟೋ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ.

ಇದಿಷ್ಟು ಮನೆಯವರು ಮಾಡುವ ಕೆಲಸ. ನಾನು ಸರ್ಕಾರವನ್ನು ಕೇಳುವುದು ಬೇರೆಯದ್ದು. ಮಡಿಕೇರಿ ಕೋಟೆಯಲ್ಲಿ ಮ್ಯೂಸಿಯಂ ಇದೆ. ಕೊಡವ ಅಕಾಡೆಮಿ, ಅರೆಭಾಷೆ ಅಕಾಡೆಮಿ ಇವೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಇವರೆಲ್ಲ ಕೂತು ಮಾತಾಡಿ, ಗುಡ್ಡ ಜಾರದ ಜಾಗದಲ್ಲಿ ಒಂದು ಒಣ ಕೊಠಡಿ, ಒಂದು ಸ್ಕ್ಯಾನರ್, ಕೆಲಸ ಕಲಿತ ಇಬ್ಬರನ್ನು ಕೊಡಲಿ. ಜನರ ಮನೆಯಲ್ಲಿರುವುದನ್ನು ಪ್ರತಿ ತೆಗೆದು, ಕನ್ನಡದಲ್ಲಿ ಪಟ್ಟಿ ಮಾಡಲಿ. ಒಂದು ಪ್ರತಿ ಬೆಂಗಳೂರಿನಲ್ಲೂ ಇರಲಿ. ಇಲ್ಲಿ ಏನಾದರೂ ಆದರೆ ಅಲ್ಲಿ ಉಳಿಯುತ್ತದೆ.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಕೊಡಗಿನಲ್ಲಿ ಕಾಗದ ತೋರಿಸಲು ಜನ ಹೆದರುತ್ತಾರೆ. ಜಮ್ಮಾ, ಬಾಣೆ ಅಂತ ಜಮೀನಿನ ತಕರಾರು ಇಲ್ಲಿ ಜಾಸ್ತಿ. ಕೈಯಿಂದ ಹೋದ ಕಾಗದ ನಾಳೆ ನಮ್ಮ ಮೇಲೇ ತಿರುಗಿದರೆ ಅನ್ನುವ ಭಯ. ಆ ಭಯಕ್ಕೆ ಕಾರಣ ಇದೆ. ಅದಕ್ಕೇ ಮೂಲ ಕಾಗದ ಮನೆಯಲ್ಲೇ ಇರಲಿ, ಸ್ಕ್ಯಾನರ್ ಮನೆ ಬಾಗಿಲಿಗೆ ಬರಲಿ. ಯಾವ ಪುಟ ಎಲ್ಲರಿಗೂ ತೆರೆಯಬೇಕು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು ಅಂತ ಮನೆಯವರೇ ಬರೆದುಕೊಡಲಿ. ಈ ನಂಬಿಕೆ ಹುಟ್ಟಿದರೆ ಐನ್‌ಮನೆಗಳ (ಕುಟುಂಬದ ಮೂಲ ಮನೆಗಳ) ಅಟ್ಟದಿಂದ ಏನೇನು ಇಳಿದು ಬರುತ್ತದೋ! ತೋಟದ ಮಾಲೀಕರಲ್ಲೂ ನನ್ನ ವಿನಂತಿ: ಬಂಗಲೆ ಮಾರುವ ಮೊದಲು ಆಫೀಸಿನ ಬೀರು ಒಮ್ಮೆ ತೆಗೆದು ನೋಡಿ.

ನಾನು ತಂದ ಚೆಕ್‌ರೋಲ್ ಪುಸ್ತಕ ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿದೆ. ಮೊದಲ ಕೆಲವು ಹಾಳೆಗಳು ಒಲೆಗೆ ಹೋಗಿವೆ, ಮಿಕ್ಕದ್ದು ಓದಬಹುದು. ಅದನ್ನು ಯಾರ ಕೈಗೆ ಕೊಡಬೇಕು ಅಂತ ಸಂಬಂಧಪಟ್ಟವರು ತಿಳಿಸಿದರೆ ನಾನೇ ತಂದು ಒಪ್ಪಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ
ಕೊಡಗು ಜಿಲ್ಲೆ