ಟೆನ್ಶನ್ನಿಗೇ ಇರಬೇಕು ಅಂದುಬಿಟ್ಟೆ

ಪುಟ್ಟೀ,

ರಾತ್ರಿ ನೀನು ಫೋನ್ ಮಾಡಿದಾಗ ನಿನ್ನಪ್ಪನಿಗೆ ಬಡಿಸುತ್ತಿದ್ದೆ. ಒಂದು ಕೈಯಲ್ಲಿ ಸಾರಿನ ಸೌಟು, ಇನ್ನೊಂದರಲ್ಲಿ ಫೋನು. "ಅಮ್ಮಾ, ಈ ಸಲ ಮುಟ್ಟು ಒಂಬತ್ತು ದಿನ ಲೇಟು. ಆಫೀಸ್ ಟೆನ್ಶನ್ನಿಗೆ ಆಗಿರಬಹುದು, ಅಲ್ವಾ?" ಅಂದೆ. ನಾನು ಉಸಿರು ಕೂಡ ಬಿಡದೆ, "ಹೂಂ, ಟೆನ್ಶನ್ನಿಗೇ ಇರಬೇಕು, ಎಳ್ಳು ಬೆಲ್ಲ ತಿನ್ನು" ಅಂದು ಇಟ್ಟುಬಿಟ್ಟೆ. "ಏನಂತೆ?" ಅಂತ ಅಪ್ಪ ಕೇಳಿದರು. "ಶೀತ ಅಂತೆ" ಅಂದೆ.

ಆಮೇಲೆ ನಿದ್ದೆ ಬರಲಿಲ್ಲ. ನೀನು ಆ "ಅಲ್ವಾ"ವನ್ನು ಎಳೆದದ್ದು ಕಿವಿಯಲ್ಲೇ ಉಳಿದಿತ್ತು. ನೀನು ಇನ್ನೇನೋ ಕೇಳಬೇಕು ಅಂತಿದ್ದೆ. ಅದು ಗೊತ್ತಾಗಿಯೇ ನಾನು ಬೇಗ ಬಾಗಿಲು ಹಾಕಿದೆ. ಅದಕ್ಕೇ ಇದನ್ನು ಕಾಗದದಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಫೋನಿನಲ್ಲಿ ಮಾತಾಡೋಣ ಅಂದರೆ ಈ ಮನೆಯಲ್ಲಿ ಗೋಡೆಗಿಂತ ಕಿಟಕಿಯೇ ಜಾಸ್ತಿ.

ಬೆಳಿಗ್ಗೆ ಎದ್ದು ಮೊದಲು ಕ್ಯಾಲೆಂಡರ್ ತಿರುವಿದೆ. ಹೋದ ಸಲ ನಿನಗೆ ಮುಟ್ಟಾಗಿದ್ದು ಸೆಪ್ಟೆಂಬರ್ 2ಕ್ಕೆ. ನನಗೆ ಚೆನ್ನಾಗಿ ನೆನಪಿದೆ, ಅವತ್ತು ಅಜ್ಜಿಯ ತಿಥಿ. ಅಡುಗೆಮನೆ ಕಡೆ ಬರಬೇಡ ಅಂತ ದೊಡ್ಡಮ್ಮ ಅಂದಿದ್ದಕ್ಕೆ ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದೆ. ನಿನ್ನದು ಸಾಮಾನ್ಯವಾಗಿ ಮೂವತ್ತು ದಿನದ ಲೆಕ್ಕ. ಅಂದರೆ ಅಕ್ಟೋಬರ್ 2ಕ್ಕೆ ಆಗಬೇಕಿತ್ತು.

"ಆಡಿಟ್ 30ಕ್ಕೇ ಮುಗೀತು, ಈಗ ಆರಾಮಾಗಿದ್ದೀನಿ, ಈಗ್ಯಾಕೆ ಲೇಟು?" ಅಂತಲೂ ಗೊಣಗಿದ್ದೆಯಲ್ಲ, ಅದಕ್ಕೆ ಉತ್ತರ ಇದೆ ಕಣೇ. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ಕೇಳು. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಸುಮಾರು ಎರಡು ವಾರಕ್ಕೆ ಮುಟ್ಟಾಗುತ್ತದೆ. ಈ ಎರಡು ವಾರ ಹೆಚ್ಚುಕಡಿಮೆ ಆಗುವುದು ಕಡಿಮೆ. ಏರುಪೇರಾಗುವುದು ಅದಕ್ಕಿಂತ ಮುಂಚಿನ ದಿನಗಳಲ್ಲಿ. ನಿದ್ದೆ ಕೆಟ್ಟರೆ, ಸರಿಯಾಗಿ ತಿನ್ನದಿದ್ದರೆ, ಜ್ವರ ಬಂದರೆ, ತಲೆ ತುಂಬ ಚಿಂತೆ ಇದ್ದರೆ, "ಈಗ ಬೇಡ, ಸ್ವಲ್ಪ ತಡಿ" ಅಂತ ಮೆದುಳೇ ಅಂಡಾಶಯವನ್ನು ತಡೆದು ನಿಲ್ಲಿಸುತ್ತದೆ. ನಿನಗೆ ಅಂಡ ಹೊರಬರಬೇಕಾಗಿದ್ದದ್ದು ಸೆಪ್ಟೆಂಬರ್ 18ರ ಆಸುಪಾಸು. ಆಗ ನೀನು ರಾತ್ರಿ ಒಂದು ಗಂಟೆಗೆ ಆಫೀಸಿಂದ ಹೊರಟೆ ಅಂತ ಮೆಸೇಜ್ ಮಾಡುತ್ತಿದ್ದೆ. ಊಟಕ್ಕೆ ಚಿಪ್ಸ್. ಆಗ ಅಂಡ ಬರುವುದು ಹತ್ತು ದಿನ ತಡವಾಗಿದ್ದರೆ ಮುಟ್ಟೂ ಹತ್ತು ದಿನ ತಡವಾಗುತ್ತದೆ. ಇವತ್ತಿನ ಲೇಟು ಇವತ್ತಿನದಲ್ಲ, ಮೂರು ವಾರದ ಹಿಂದಿನದು.

ಹಾಗಾದರೆ ಟೆನ್ಶನ್ನೇ ಅಂತಾಯಿತಲ್ಲ ಅನ್ನಬೇಡ. ಆಗಿರಬಹುದು, ಅಷ್ಟೇ. ಈ ಲೆಕ್ಕ ಸರಿ ಹೊಂದುತ್ತದೆ ಅನ್ನುವುದೇ ನನಗೆ ಭಯ. ಯಾಕೆ ಅಂತ ಹೇಳುತ್ತೇನೆ. ಇದನ್ನು ನಿನ್ನಪ್ಪನಿಗೆ, ತೀರಿಹೋದ ಅಜ್ಜಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಬಿ.ಎಡ್. ಪರೀಕ್ಷೆ ಹೊತ್ತಿಗೆ ನನಗೆ ಎರಡು ತಿಂಗಳು ಮುಟ್ಟು ನಿಂತಿತ್ತು. ಹಾಸ್ಟೆಲ್ ಊಟ, ಓದು, ನಿದ್ದೆಗೆಟ್ಟ ರಾತ್ರಿ. ಬೇರೆ ಯಾವ ಕಾರಣಕ್ಕೂ ಆಸ್ಪದವೇ ಇರಲಿಲ್ಲ. ಆದರೂ ಅಜ್ಜಿ ಒಂದು ಥರ ನೋಡಿದರು. ಏನೂ ಕೇಳಲಿಲ್ಲ, ಸುಮ್ನೆ ಹೊಟ್ಟೆ ಕಡೆ ನೋಡಿದರು. ಆ ನೋಟ ಇವತ್ತಿಗೂ ಚುಚ್ಚುತ್ತದೆ. ಪರೀಕ್ಷೆ ಮುಗಿದು ಸ್ವಲ್ಪ ದಿನಕ್ಕೆ ತಾನಾಗಿ ಆಯಿತು. "ನಿನ್ನ ಮೈ ಹಾಗೇ ಕಣೇ" ಅಂದರು. ನಾನೂ ಅದನ್ನೇ ನಂಬಿದೆ.

1998ರಲ್ಲಿ, ಮದುವೆಯಾಗಿ ಒಂದು ವರ್ಷ. ಹೊಸನಗರದ ಆಚೆ ಒಂದು ಹಳ್ಳಿಗೆ ಪೋಸ್ಟಿಂಗ್. ದಿನಾ ಎರಡು ಬಸ್ಸು ಬದಲಾಯಿಸಬೇಕು. ಆ ತಿಂಗಳು ಆಗಲಿಲ್ಲ. ಓಡಾಟಕ್ಕೆ ಅಂದುಕೊಂಡೆ. ಮುಂದಿನ ತಿಂಗಳು ಎರಡು ದಿನ ಸ್ವಲ್ಪ ಕಲೆಯಾಯಿತು. ಬಂತಲ್ಲ, ಮುಗೀತು ಅಂತ ಕ್ಯಾಲೆಂಡರಿನಲ್ಲಿ ಚುಕ್ಕಿ ಇಟ್ಟೆ. ಅದು ಮುಟ್ಟಲ್ಲ. ಬಸುರಿಯಾದ ಮೊದಲ ವಾರಗಳಲ್ಲಿ ಕೆಲವರಿಗೆ ಹಾಗೆ ಕಲೆಯಾಗುತ್ತದಂತೆ, ಅದು ಆಮೇಲೆ ಗೊತ್ತಾಗಿದ್ದು. ನಿಜ ಹೇಳಲಾ? ಒಳಗೊಳಗೇ ಅನುಮಾನ ಇತ್ತು. ಆದರೆ ಗೊತ್ತಾದರೆ ಕೆಲಸ ಬಿಡಿಸಿಬಿಡುತ್ತಾರೆ ಅಂತ ಹೆದರಿಕೆ. ಟೆನ್ಶನ್ ಅನ್ನುವುದು ನನಗೆ ಬೇಕಾಗಿದ್ದ ಉತ್ತರ, ಅದಕ್ಕೇ ಅದನ್ನೇ ಹಿಡಿದುಕೊಂಡೆ. ಮೂರನೇ ತಿಂಗಳು, ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ, ಆಯನೂರಿನ ಹತ್ತಿರ ಹೊಟ್ಟೆನೋವು ಶುರುವಾಯಿತು. ಸೀಟಿಂದ ಏಳಲು ಆಗಲಿಲ್ಲ. ಪಕ್ಕದಲ್ಲಿದ್ದ ಅಡಿಕೆ ವ್ಯಾಪಾರದ ಅಜ್ಜನೊಬ್ಬರು ತಮ್ಮ ಶಾಲು ಕೊಟ್ಟರು. ಏನೂ ಕೇಳದೆ ಮುಖ ಆ ಕಡೆ ತಿರುಗಿಸಿ ಕೂತರು.

ಬಸ್ಸಿನ ಕುಲುಕಾಟಕ್ಕೂ ಇದಕ್ಕೂ ಸಂಬಂಧವಿಲ್ಲ, ಮೊದಲ ತಿಂಗಳುಗಳಲ್ಲಿ ಹೀಗೆ ಗರ್ಭ ಹೋಗುವುದು ಹೆಚ್ಚಾಗಿ ಪಿಂಡದಲ್ಲೇ ಇರುವ ತೊಂದರೆಯಿಂದ ಅಂತ ಡಾಕ್ಟರಮ್ಮ ಹೇಳಿದರು. ನಂಬಲು ಎರಡು ವರ್ಷ ಬೇಕಾಯಿತು. ನಾನು ಮೊದಲೇ ತಿಳಿದುಕೊಂಡಿದ್ದರೂ ಅದು ಉಳಿಯುತ್ತಿರಲಿಲ್ಲವೇನೋ. ಆದರೆ ಆ ಬಸ್ಸಿನಲ್ಲಿ ನನಗೆ ಏನಾಗುತ್ತಿದೆ ಅನ್ನುವುದಾದರೂ ಗೊತ್ತಿರುತ್ತಿತ್ತು.

ಈಗ ನಿನ್ನ ವಿಷಯ. ನೀನು ಯಾರ ಜೊತೆ ಓಡಾಡುತ್ತೀಯ ಅಂತ ನನಗೆ ಗೊತ್ತಿಲ್ಲದೇ ಇಲ್ಲ. ಪ್ರತಿ ಫೋಟೋದಲ್ಲೂ ಅದೇ ಹುಡುಗನ ಮೊಣಕೈ ಇರುತ್ತದೆ. ನಾನು ಕೇಳುವುದು ಒಂದೇ, ಗರ್ಭಿಣಿಯಾಗಿರಲು ಸಾಧ್ಯ ಇದೆಯಾ? ನನಗೆ ಉತ್ತರ ಹೇಳದಿದ್ದರೂ ಪರವಾಗಿಲ್ಲ. ಇಲ್ಲ ಅಂದರೆ ಈ ಪತ್ರವನ್ನು ಮಡಚಿಟ್ಟು ಮಲಗು. ಇದೆ ಅಂದರೆ, ಕಾಂಡೋಮ್ ಬಳಸಿದ್ದರೂ ಸರಿ, ಊಹೆ ಮಾಡುತ್ತಾ ಕೂರಬೇಡ. ಸ್ತನಗಳಲ್ಲಿ ನೋವು, ಕಿಬ್ಬೊಟ್ಟೆ ಬಿಗಿತ, ಸುಸ್ತು, ಸಿಡುಕು ಇವೆಲ್ಲ ಮುಟ್ಟಿನ ಮುಂಚೆಯೂ ಆಗುತ್ತವೆ, ಬಸುರಿಗೂ ಆಗುತ್ತವೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಬಸುರಿನ ಪರೀಕ್ಷೆಯ ಕಿಟ್, ಪ್ರೆಗಾ ನ್ಯೂಸ್ ಅಂತಲೋ ಐ-ಕ್ಯಾನ್ ಅಂತಲೋ ಕೇಳು. ಒಂದು ಪಿಜ್ಜಾದ ದುಡ್ಡೂ ಆಗುವುದಿಲ್ಲ. ಅಂಗಡಿಯವನು ಹೇಗೆ ನೋಡುತ್ತಾನೆ ಅಂತ ಯೋಚಿಸಬೇಡ, ಅವನಿಗೆ ದಿನಕ್ಕೆ ಹತ್ತು ಜನ ಬರುತ್ತಾರೆ. ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯರ ಹತ್ತಿರ ಸರ್ಕಾರದ್ದೇ ನಿಶ್ಚಯ್ ಕಿಟ್ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ನೀರು ಕುಡಿಯುವ ಮೊದಲು, ಮೊದಲ ಮೂತ್ರದಲ್ಲಿ ಮಾಡು. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ಹನಿ, ಬರೆದಷ್ಟೇ ನಿಮಿಷ. ಸಿ ಅನ್ನುವ ಕಡೆ ಗೆರೆ ಬರಲೇಬೇಕು, ಬರದಿದ್ದರೆ ಕಿಟ್ ಕೆಟ್ಟಿದೆ ಅಂತ. ಟಿ ಕಡೆಯೂ ಬಂದರೆ, ಮಸುಕಾಗಿ ಬಂದರೂ ಹೌದು ಅಂತಲೇ ಲೆಕ್ಕ. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ನೋಡಬೇಡ, ಒಣಗಿದ ಮೇಲೆ ಸುಮ್ಮಸುಮ್ಮನೆ ಗೆರೆ ಕಂಡೀತು.

ಒಂದೇ ಗೆರೆ ಬಂದರೆ? ಮುಟ್ಟಾಗದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ಮಾಡು. ಅಂಡ ತಡವಾಗಿ ಬಂದಿದ್ದರೆ ಎಲ್ಲವೂ ತಡ, ಪರೀಕ್ಷೆಗೂ ಬೇಗ ಸಿಗುವುದಿಲ್ಲ. ಜೊತೆಗಿದ್ದ ಕೊನೆಯ ದಿನದಿಂದ ಮೂರು ವಾರ ಕಳೆದ ಮೇಲೂ ಒಂದೇ ಗೆರೆ ಇದ್ದರೆ ಧೈರ್ಯವಾಗಿರು. ಜೊತೆಗಿದ್ದ ಮೇಲೆ ಬಸುರಾಗದಿರಲಿ ಅಂತ ನುಂಗುವ ಐ-ಪಿಲ್ ಏನಾದರೂ ತಗೊಂಡಿದ್ದೆಯಾ? ಅದರಿಂದಲೂ ಮುಟ್ಟು ಹಿಂದೆಮುಂದೆ ಆಗುತ್ತದೆ. ಅದೂ ಇಲ್ಲ ಇದೂ ಇಲ್ಲ, ಆದರೂ ಪದೇ ಪದೇ ಹೀಗೇ ಆಗುತ್ತಿದೆ ಅಂದರೆ ಥೈರಾಯ್ಡ್ ನೋಡಿಸೋಣ. ನನಗೇ ಇದೆಯಲ್ಲ, ನಿನಗೂ ಬಂದಿರಬಹುದು. ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬರದ ತೊಂದರೆ, ಇದೆಯಾ ಅಂತಲೂ ಕೇಳೋಣ. ಮೂರು ತಿಂಗಳು ಆಗದಿದ್ದರಂತೂ ಡಾಕ್ಟರ್ ಹತ್ತಿರ ಹೋಗಲೇಬೇಕು.

ಎಳ್ಳು ಬೆಲ್ಲ ಅಂದೆನಲ್ಲ, ಅದು ಬಾಯಿಗೆ ಬಂದ ಮಾತು. ತಿನ್ನು, ಮೈಗೆ ಒಳ್ಳೆಯದು. ಆದರೆ ಎಳ್ಳೂ ಪಪ್ಪಾಯಿಯೂ ತಡವಾದ ಮುಟ್ಟನ್ನು ಎಳೆದು ತರುವುದಿಲ್ಲ.

ಎರಡು ಗೆರೆ ಬಂದರೆ. ಇದನ್ನು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಸುಳ್ಳು ಹೇಳುವುದಿಲ್ಲ. ಆದರೂ ಬರೆಯುತ್ತೇನೆ. ಆಗ ಸ್ನೇಹಿತೆ ಹೇಳಿದಳು ಅಂತ ಮೆಡಿಕಲ್ ಶಾಪಿಂದ ಗರ್ಭ ತೆಗೆಯುವ ಮಾತ್ರೆ ತಂದು ನುಂಗಬೇಡ. ಎಷ್ಟು ವಾರ, ಗರ್ಭಕೋಶದ ಒಳಗೇ ಇದೆಯಾ ಅಂತ ಡಾಕ್ಟರ್ ನೋಡಬೇಕು. ಒಂದು ಪಕ್ಕ ಜೋರು ನೋವು, ತಲೆ ಸುತ್ತು, ರಕ್ತ, ಹೆಗಲಲ್ಲಿ ನೋವು ಇದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗು. ಇಟ್ಟುಕೊಳ್ಳುವುದೋ ಬೇಡವೋ ಅನ್ನುವುದು ನಿನ್ನ ಮಾತು. ಬೇಡ ಅಂದರೆ, ಗರ್ಭ ತೆಗೆಸಿಕೊಳ್ಳಲು 1971ರಿಂದಲೇ ಕಾನೂನಿದೆ. ಹದಿನೆಂಟು ತುಂಬಿದವಳಿಗೆ ಅವಳ ಸಹಿ ಒಂದೇ ಸಾಕು, ಅಪ್ಪ ಅಮ್ಮನದೂ ಬೇಡ, ಗಂಡನದೂ ಬೇಡ. 2021ರ ತಿದ್ದುಪಡಿ ಆದಮೇಲೆ, 2022ರಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರನ್ನೂ ಬೇರೆ ಮಾಡುವಂತಿಲ್ಲ ಅಂದಿದೆ. ನಿನ್ನ ಹೆಸರು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ಯಾರಾದರೂ ಉಪದೇಶ ಶುರು ಮಾಡಿದರೆ ಎದ್ದು ಬಾ, ಬೇರೆಯವರನ್ನು ನೋಡೋಣ. ಬೇಗ ಹೋದಷ್ಟೂ ಸುಲಭ, ಅದಕ್ಕೇ ಈ ಅವಸರ.

ಅಪ್ಪನಿಗೆ ಶೀತ ಅಂತಲೇ ಇರಲಿ. ಹೇಳಬೇಕಾದರೆ ನಾವಿಬ್ಬರೂ ಸೇರಿ ಹೇಳೋಣ. 1998ರಲ್ಲಿ ಆಸ್ಪತ್ರೆ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತಿದ್ದು ಅವರೇ. ನೀನು ಅಂದುಕೊಂಡಷ್ಟು ಗಟ್ಟಿ ಮನುಷ್ಯ ಅಲ್ಲ, ಕೆಟ್ಟವರೂ ಅಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಅವರು ವಾಕಿಂಗ್ ಹೋಗುತ್ತಾರೆ, ಬರುವುದು ಏಳಕ್ಕೆ. ಫೋನ್ ಹಿಡಿದುಕೊಂಡು ಹಿತ್ತಿಲಲ್ಲೇ ಇರುತ್ತೇನೆ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಗೆರೆ ಒಂದೋ ಎರಡೋ, ಬಾತ್‌ರೂಮಿನ ಬಾಗಿಲು ತೆಗೆಯುವ ಮೊದಲೇ ಫೋನ್ ಮಾಡು. ಬಾ ಅಂದರೆ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ರಜೆ ಚೀಟಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ತಾರೀಕು ಮಾತ್ರ ಹಾಕಿಲ್ಲ.

ನಿನ್ನ,
ಅಮ್ಮ