ಮತ್ತೆ ಓದಲು ಬರುವವರಿಗೂ ವಿದ್ಯಾರ್ಥಿವೇತನ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಮುಂಬಯಿಯ ನಮ್ಮ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರಗಳು ಸಾಲುಸಾಲಾಗಿ ನಡೆಯುತ್ತವೆ. ಒಳ್ಳೆಯ ಕೆಲಸ. ಆದರೆ ಪ್ರತಿ ಮಗುವಿಗೂ ಮೈಕ್ ಕೊಟ್ಟು ‘ಮುಂದೆ ಏನಾಗ್ತೀಯಾ?’ ಅಂತ ಕೇಳುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. ಮಗು ಏನೋ ಒಂದು ಹೇಳುತ್ತದೆ. ಮನೆಯವರು ಅದನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಹನ್ನೆರಡನೇ ಸೈನ್ಸ್ ಮುಗಿಸಿ ಇತಿಹಾಸ ಓದುತ್ತೇನೆ ಅಂದ. ದಾರಿ ತಪ್ಪಿದ ಅಂತ ಎಲ್ಲರೂ ಆಡಿಕೊಂಡರು. ಎರಡು ವರ್ಷದಲ್ಲಿ ಹುಡುಗನ ಮನಸ್ಸೂ ಬೆಳೆಯಬೇಕು, ಅಲ್ವಾ?

ನಾನು ಕುಂದಾಪುರದ ಕಡೆಯವನು. ಕೊಂಕಣ ರೈಲು ಇಲ್ಲದ ಕಾಲದಲ್ಲಿ ಬಸ್ಸು ಹತ್ತಿ ಮುಂಬಯಿಗೆ ಬಂದು, ಆಫೀಸುಗಳೇ ತುಂಬಿದ ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದೆ. ಆಗ ಇದ್ದದ್ದು ಒಂದೇ ಆಸೆ, ಊರಿಗೆ ವಾಪಸ್ ಹೋಗುವುದು. ಸಂಜೆಯಾದರೆ ಗಲ್ಲಾದಲ್ಲಿ ಕೂತ ಶೆಟ್ರು ‘ಹೊರಡು, ಹೊರಡು’ ಅಂತ ರಾತ್ರಿ ಶಾಲೆಗೆ ಅಟ್ಟುತ್ತಿದ್ದರು. ದಿನವಿಡೀ ನೀರಲ್ಲಿದ್ದ ಬೆರಳು ಸುಕ್ಕುಗಟ್ಟಿ ಪೆನ್ನು ಜಾರುತ್ತಿತ್ತು. ಹಗಲೆಲ್ಲ ಬ್ಯಾಂಕಿನಲ್ಲಿ ದುಡಿದು ಬಂದ ಮಾಸ್ಟ್ರು ನಿದ್ದೆ ತೂಗುವ ನಮಗೆ ಬೀಜಗಣಿತ ಹೇಳಿಕೊಡುತ್ತಿದ್ದರು. ಶೆಟ್ರಿಗೆ ನನ್ನನ್ನು ಕಂಡರೆ ಆಗದು ಅಂತಲೇ ನನಗನಿಸುತ್ತಿತ್ತು. ಮುಂದೆ ನಾನೇ ಗಲ್ಲಾದಲ್ಲಿ ಕೂತಾಗ ಗೊತ್ತಾಯಿತು. ಆಫೀಸು ಬಿಡುವ ಹೊತ್ತು ಅಂದರೆ ಫೋರ್ಟಿನ ಹೋಟೆಲಿಗೆ ಭಾರೀ ರಶ್. ತೊಳೆಯುವ ಲೋಟ ರಾಶಿ ಬಿದ್ದಿರುತ್ತದೆ. ಆ ಹೊತ್ತಿಗೆ ಒಬ್ಬ ಮಾಣಿಯನ್ನು ಬಿಟ್ಟುಕೊಡಲು ಎಷ್ಟು ದೊಡ್ಡ ಮನಸ್ಸು ಬೇಕು!

ಇಪ್ಪತ್ತರ ಹೊತ್ತಿಗೆ ನನಗೆ ಸ್ವಂತ ಹೋಟೆಲಿನ ಹುಚ್ಚು ಹಿಡಿದಿತ್ತು. ಮಕ್ಕಳಾದ ಮೇಲೆ ಅದೂ ಹೋಯಿತು, ಓದಬೇಕು ಅನಿಸಿತು. ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮಾಡಿದೆ. ಈಗ ಹೋಟೆಲುಗಳ ಲೆಕ್ಕ ಬರೆಯುತ್ತೇನೆ. ಹದಿನೈದರಲ್ಲಿ ನನ್ನನ್ನು ಕೇಳಿದ್ದರೆ ಇದು ಯಾವುದನ್ನೂ ಹೇಳುತ್ತಿರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಇದು ಹೊಸ ವಿಷಯವಲ್ಲ. 1908ರಷ್ಟು ಹಿಂದೆಯೇ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ಬಂಧುಗಳು ಇಲ್ಲಿ ರಾತ್ರಿ ಶಾಲೆ ತೆರೆದವರು. ದುಡಿಯುವ ಹುಡುಗನಿಗೂ ಮುಂದೊಂದು ದಿನ ಓದುವ ಮನಸ್ಸಾಗುತ್ತದೆ ಅಂತ ಹಿರಿಯರಿಗೆ ಗೊತ್ತಿತ್ತು. ಇವತ್ತೂ ದಾರಿಗಳಿವೆ. ಶಾಲೆಗೆ ಹೋಗದೆ ಹೊರಗಿನಿಂದ ಹತ್ತನೇ ಪರೀಕ್ಷೆಗೆ ಕೂರಲು ಮಹಾರಾಷ್ಟ್ರ ಬೋರ್ಡಿನ 17 ನಂಬರ್ ಫಾರ್ಮ್ ಇದೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರು ಹತ್ತನೇ ಕ್ಲಾಸಿಗೆ ಸೇರಬಹುದು, ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. ಆದರೆ ನಾನು ಕಂಡ ಸಂಘಗಳ ವಿದ್ಯಾರ್ಥಿವೇತನದ ಅರ್ಜಿಗಳು ಶಾಲೆ, ಕಾಲೇಜಿಗೆ ನೇರವಾಗಿ ಹೋಗುವ ಮಕ್ಕಳಿಗೆ ಮಾತ್ರ. 28ರ ವಯಸ್ಸಲ್ಲಿ ಮತ್ತೆ ಪುಸ್ತಕ ಹಿಡಿದ ಹೋಟೆಲ್ ಕ್ಯಾಪ್ಟನ್ (ವೇಟರುಗಳ ಮೇಲ್ವಿಚಾರಕ), ಮಕ್ಕಳು ದೊಡ್ಡವರಾದ ಮೇಲೆ ಹನ್ನೆರಡನೇ ಬರೆಯುವ ಅಕ್ಕ, ಸೈನ್ಸ್ ಬಿಟ್ಟು ಬಂದ ಹುಡುಗ, ಇವರಿಗೆ ಆ ಅರ್ಜಿಯಲ್ಲಿ ಜಾಗವಿಲ್ಲ.

ಮುಂದಿನ ವರ್ಷದ ಅರ್ಜಿ ಅಚ್ಚಿಗೆ ಹೋಗುವ ಮೊದಲು ಸಂಘಗಳ ಪದಾಧಿಕಾರಿಗಳು ಇಂಥವರಿಗೂ ಒಂದಿಷ್ಟು ಹಣ ತೆಗೆದಿಡಬೇಕು ಅಂತ ಕೈಮುಗಿದು ಕೇಳುತ್ತೇನೆ. ಜಾಸ್ತಿ ಬೇಡ, ಪರೀಕ್ಷಾ ಶುಲ್ಕ ಮತ್ತು ಪುಸ್ತಕದಷ್ಟು ಸಾಕು. ಫಾರ್ಮ್ ತುಂಬಿಕೊಡುವವರು ಬೇಕಾದರೆ ಭಾನುವಾರ ಬಂದು ಕೂರಲು ನಾನು ಸಿದ್ಧ.

– ಓದುಗ, ಡೊಂಬಿವಲಿ